ನಾಲ್ಕಿಂಚಿನ ಗೋಡೆ

ಮಿಷನ್ನಿನ ಸದ್ದು ನಿಂತಾಗಲೆಲ್ಲ ಭವಿತಾ ಗೋಡೆಯ ಆಚೆಗೆ ಕಿವಿ ಕೊಡುತ್ತಿದ್ದಳು. ಏನೂ ಇಲ್ಲ. ಒಂದು ಕೆಮ್ಮಿಲ್ಲ, ಪಾತ್ರೆ ಸರಿಸಿದ ಸದ್ದಿಲ್ಲ, ಇದೆಂತ ಗಲಾಟೆ ಎಂದು ತನಗೆ ತಾನೇ ಗೊಣಗಿಕೊಂಡದ್ದೂ ಇಲ್ಲ. ಮೂಸಕುಂಞಿ ಮೇಸ್ತ್ರಿ ಒಲೆಕಟ್ಟೆಯ ಹಿಂದಿನ ಗೋಡೆಯ ಸಾರಣೆಯನ್ನು ಬೆಳಿಗ್ಗೆಯಿಂದ ಕೆತ್ತಿ ಉದುರಿಸುತ್ತಿದ್ದ. ಕಡಬ ಪೇಟೆಯ ಹಿಂದೆ ಮಾವ ಕಟ್ಟಿಸಿದ್ದ ತಾರಸಿ ಮನೆಯನ್ನು ಅಣ್ಣತಮ್ಮಂದಿರು ಎರಡು ಮಾಡಿಕೊಂಡಾಗ, ಅಗಲದ ಅಡುಗೆಮನೆಯ ನಟ್ಟನಡುವೆ ಸಿಮೆಂಟು ಬ್ಲಾಕಿನಲ್ಲಿ ಎಬ್ಬಿಸಿದ ನಾಲ್ಕಿಂಚಿನ ಗೋಡೆ ಅದು. ಈಚೆಗೆ ಗಂಡ ಉಲ್ಲಾಸ್ ಮತ್ತು ಅವಳು. ಆಚೆಗೆ ಉಲ್ಲಾಸನ ಅಣ್ಣ ಗುರುವಪ್ಪ ಮತ್ತು ಅವನ ಹೆಂಡತಿ ಲೋಲಾಕ್ಷಿ. ಮಿಷನ್ನಿನ ಒಂದೊಂದು ಹೊಡೆತಕ್ಕೂ ಆಚೆಯ ಕಪಾಟು ನಡುಗುತ್ತಿರಬೇಕು, ಡಬ್ಬಗಳು ಒಂದಕ್ಕೊಂದು ತಾಗುತ್ತಿರಬೇಕು, ತೊಳೆದಿಟ್ಟ ಲೋಟಗಳ ಮೇಲೆ ಧೂಳು ಕೂತಿರಬೇಕು. ಹಾಗಿದ್ದೂ ಲೋಲಾಕ್ಷಿ ಒಂದು ಮಾತು ಕೂಗಿ ಹೇಳಲಾರಳೆ?

"ಇಷ್ಟೆಲ್ಲ ಕೆತ್ತುವ ಅಗತ್ಯ ಇರ್ಲಿಲ್ಲ ಭವಿತಕ್ಕ," ಎಂದ ಮೂಸಕುಂಞಿ, ಮೂಗಿಗೆ ಕಟ್ಟಿದ್ದ ಬೈರಾಸು ಬಟ್ಟೆಯನ್ನು ಕೆಳಗೆ ಎಳೆದು. "ಅಲ್ಲಲ್ಲಿ ಕಚ್ಚು ಹಾಕಿದ್ರೆ ಸಾಕು. ಟೈಲ್ಸಿನ ಗಮ್ಮು ಹಿಡೀತದೆ."

"ಎಲ್ಲ ತೆಗೀರಿ. ಬ್ಲಾಕು ಕಾಣಬೇಕು."

"ನಿಮ್ಮ ಇಷ್ಟ ಮಾರಾಯ್ರೆ. ಮಿಷನ್ನು ಹೊಸತು, ನನಗೆಂತ ಕೈ ನೋಯುದಿಲ್ಲ."

ಬ್ಲಾಕು ಯಾಕೆ ಕಾಣಬೇಕು ಎಂದು ಅವನು ಕೇಳಲಿಲ್ಲ. ಸೊಸೈಟಿಯ ಕೆಲಸಕ್ಕೆ ರಜೆ ಹಾಕಿ, ಮೂಗಿನೊಳಗೆಲ್ಲ ಸಿಮೆಂಟು ತುಂಬಿಸಿಕೊಂಡು ಅವಳು ಇಲ್ಲಿ ನಿಂತದ್ದು ಟೈಲ್ಸಿಗಾಗಿ ಅಲ್ಲ, ಈ ಸದ್ದಿಗಾಗಿ ಎಂಬುದು ಅವಳಿಗೂ ಸ್ವಲ್ಪ ಹೊತ್ತಿನ ಹಿಂದಷ್ಟೆ ಗೊತ್ತಾಗಿತ್ತು. ಗೊತ್ತಾದ ಮೇಲೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಲೋಲಾಕ್ಷಿ ಮಾಡಿದ ತಪ್ಪಾದರೂ ಏನು? ಯಾರಾದರೂ ಎದುರು ಕೂರಿಸಿ ಕೇಳಿದರೆ ಹೇಳಲು ಒಂದೂ ಇಲ್ಲ. ಬೈದವಳಲ್ಲ, ಚಾಡಿ ಹೇಳಿದವಳಲ್ಲ. ಭವಿತಾ ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ ಸಾರನ್ನು ಲೋಲಾಕ್ಷಿ ಸೌಟಿನ ತುದಿಯಿಂದ ಅಂಗೈಗೆ ಬಿಟ್ಟು ನೆಕ್ಕುತ್ತಿದ್ದಳು. ಚೆನ್ನಾಗಿಲ್ಲ ಎಂದು ಹೇಳುತ್ತಿರಲಿಲ್ಲ. ಡಬ್ಬದ ಮುಚ್ಚಳ ತೆಗೆದು ಚೂರು ಬೆಲ್ಲ ಹಾಕಿ, ಏನೂ ಆಗಿಲ್ಲವೆಂಬಂತೆ ಹೊರಗೆ ಹೋಗುತ್ತಿದ್ದಳು. ಊಟಕ್ಕೆ ಕೂತ ಉಲ್ಲಾಸ್ "ಇವತ್ತು ಸಾರು ಅತ್ತಿಗೆಯದ್ದಾ?" ಎಂದರೆ "ಅಲ್ಲ, ಭವಿತಂದು" ಎಂದು ಅವಳೇ ಮುಂದಾಗಿ ಹೇಳುತ್ತಿದ್ದಳು. ಒಲೆಕಟ್ಟೆಯನ್ನು ಭವಿತಾ ಒರೆಸಿ ಕೈ ತೊಳೆದುಕೊಂಡ ಮೇಲೆ ಲೋಲಾಕ್ಷಿ ಬಂದು ಇನ್ನೊಮ್ಮೆ ಒರೆಸುತ್ತಿದ್ದಳು. ಕೊಳೆಯಿದೆಯೆಂದಲ್ಲ, ಅದು ಅವಳ ರೂಢಿ. ರೂಢಿಯ ಮೇಲೆ ದೂರು ಹೇಳುವುದು ಹೇಗೆ? ಉಲ್ಲಾಸನ ಹತ್ತಿರ ಹೇಳಿದರೆ ಅವನು ನಿಜವಾಗಿಯೂ ಅರ್ಥವಾಗದೆ ಅವಳ ಮುಖ ನೋಡುತ್ತಿದ್ದ. ತಾಯಿ ತೀರಿಹೋದಾಗ ಅವನು ಶಾಲೆಗೆ ಹೋಗುವ ಹುಡುಗ, ತಲೆಗೆ ಎಣ್ಣೆ ತಿಕ್ಕಿ ಬುತ್ತಿ ಕಟ್ಟಿ ಕಳಿಸಿದವಳು ಅತ್ತಿಗೆ. ಆ ಕೈಯಲ್ಲಿ ತಪ್ಪು ಹುಡುಕುವ ಕಣ್ಣೇ ಅವನಿಗಿಲ್ಲ. ಮನೆ ಎರಡಾದ ದಿನ ಅಂಗಳದಲ್ಲಿ ಹಿರಿಯರೆಲ್ಲ ಕೂತಿರುವಾಗ ಲೋಲಾಕ್ಷಿ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತಿದ್ದಳು. ನೋಡಿದ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಒಟ್ಟಿಗೇ ತಿರುಗಿ ಭವಿತಾಳನ್ನು ನೋಡಿದ್ದರು. ಮಂಡೆಕೋಲಿನಿಂದ ತಂದ ಹುಡುಗಿ ಕಾಲಿಟ್ಟಳು, ಒಂದಿದ್ದದ್ದು ಎರಡಾಯ್ತು. ಮದುವೆ ಮನೆಗಳಲ್ಲಿ ಈಗಲೂ ಯಾರಾದರೂ ಪಿಸುಗುಟ್ಟಿದರೆ ಅವಳು ಎಲೆಯ ಮೇಲಿಂದ ತಲೆ ಎತ್ತುವುದಿಲ್ಲ. ಅವರು ಹೇಳಿದ್ದು ಸುಳ್ಳಾದರೂ ಹೇಗೆ? 'ನನಗೊಂದು ಬೇರೆ ಒಲೆ ಬೇಕು' ಎಂದು ಸಿಟ್ಟಿನಲ್ಲಿ ಗಂಡನಿಗೆ ಹೇಳಿದ್ದು ಅವಳೇ. ಹೇಳುವಾಗ ಕೋಣೆಯ ಬಾಗಿಲು ಪೂರ್ತಿ ಹಾಕಿರಲಿಲ್ಲ. ಅದಾಗಿ ವಾರದೊಳಗೆ ಗುರುವಪ್ಪ ಬಾವ ತಿಂಡಿಗೆ ಕೂತವನು ತಟ್ಟೆ ನೋಡುತ್ತಲೇ "ಬೇರೆಬೇರೆ ಆಗುವ" ಎಂದಿದ್ದ.

ಪುತ್ತೂರಿನ ಟೈಲ್ಸ್ ಅಂಗಡಿಗೆ ಹೋದ ದಿನ ಅವಳ ಮನಸ್ಸಿನಲ್ಲಿದ್ದದ್ದು ಬಿಳಿ. ಹಣ್ಣಿನ ಬುಟ್ಟಿ, ಚಾದ ಕಪ್ಪುಗಳ ಚಿತ್ರವಿರುವುದು ಬೇಡ, ಹೂವು ಬೇಡ, ಬರೀ ಬಿಳಿ. ತಿಂಗಳುಗಟ್ಟಲೆ ಯೋಚಿಸಿ ಇಟ್ಟುಕೊಂಡಿದ್ದಳು. ಒಲೆಯಿಂದ ಮೇಲಿನ ಕಪಾಟಿನ ಅಡಿಯವರೆಗೆ ಬಿಳಿ ಇದ್ದರೆ, ಬೆಳಿಗ್ಗೆ ಕಿಟಕಿಯ ಬೆಳಕು ಬಿದ್ದಾಗ ಅಡುಗೆಮನೆ ಯಾರದ್ದೂ ಅಲ್ಲದ, ಯಾರೂ ಇನ್ನೂ ಮುಟ್ಟದ ಜಾಗದಂತೆ ಕಾಣಬಹುದು. ಅಂಗಡಿಯ ಹುಡುಗಿ ಆಫ್ರಾ ಬಿಳಿಯ ಪೆಟ್ಟಿಗೆಗಳನ್ನು ಬದಿಗಿಡಿಸಿ ವಿಳಾಸ ಕೇಳಿದಳು. ಕಡಬ ಎಂದು, ಮನೆಯ ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು. "ಲೋಲಾಕ್ಷಿಯಕ್ಕ ನಿಮ್ಮವರಲ್ವಾ? ಮೊನ್ನೆ ಬಂದಿದ್ರು. ನರಿಮೊಗರಿನ ಕುಮುದಿನಿ ಟೀಚರ ಹೊಸ ಮನೆಗೆ ಟೈಲ್ಸ್ ನೋಡ್ಲಿಕ್ಕೆ. ಎಷ್ಟು ಒಳ್ಳೆ ಜನ ಅವ್ರು! ಅದೋ ಅಲ್ಲಿ ಉಂಟಲ್ಲ, ಆ ಹಸಿರು, ಅದನ್ನು ಮುಟ್ಟಿ ಮುಟ್ಟಿ ನೋಡಿದ್ರು. ನನಗೆ ಹಾಕುವ ಯೋಗ ಇದ್ರೆ ಇದನ್ನೇ ಹಾಕ್ತಿದ್ದೆ ಅಂತ ಹೇಳಿ ನಗಾಡಿದ್ರು." ಭವಿತಾ ತಿರುಗಿ ನೋಡಿದಳು. ಬಾಳೆಯ ಸುಳಿಯ ಬಣ್ಣ, ಅಂಚಿನಲ್ಲಿ ಸ್ವಲ್ಪ ಹಳದಿಗೆ ತಿರುಗಿದ ಹಾಗೆ. ಅವಳಿಗೆ ಅದರಲ್ಲಿ ಚಂದವೇನೂ ಕಾಣಲಿಲ್ಲ. ಆಸ್ಪತ್ರೆಯ ಪರದೆಯ ನೆನಪಾಯಿತು. "ಅದನ್ನೇ ಕೊಡಿ," ಎಂದಳು. ಫೋನಿನಲ್ಲಿ ಯಾರದೋ ಪಂಪಿನ ರಿಪೇರಿ ಮಾತಾಡುತ್ತಿದ್ದ ಉಲ್ಲಾಸ್ ಹತ್ತಿರ ಬಂದು "ಬಿಳಿ ಅಂತ ಹೇಳಿದ್ದೆಯಲ್ಲ?" ಎಂದ. "ಬಿಳಿ ಬೇಗ ಕೊಳೆ ಆಗ್ತದೆ." "ಎಂತಾದ್ರೂ ಹಾಕು, ಗೋಡೆ ತಾನೆ," ಎಂದು ಅವನು ಮತ್ತೆ ಫೋನು ಕಿವಿಗಿಟ್ಟುಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಗೆದ್ದೆ ಎನಿಸಿತ್ತು. ಇನ್ನು ಸಾಯುವವರೆಗೆ ಆ ಹಸಿರಿನ ಎದುರು ನಿಂತು ಒಗ್ಗರಣೆ ಹಾಕಬೇಕಾದವಳು ತಾನೇ ಎಂಬುದು ಆಗ ಹೊಳೆದಿರಲಿಲ್ಲ.

ಮೂಸಕುಂಞಿಯ ಮಿಷನ್ನಿನ ಉಳಿ ಇದ್ದಕ್ಕಿದ್ದಂತೆ ಬೆಣ್ಣೆಗೆ ಹೊಕ್ಕ ಹಾಗೆ ಒಳಗೆ ಹೋಯಿತು. ಅವನು ಮುಗ್ಗರಿಸಿ ಗೋಡೆಗೆ ಭುಜ ಕೊಟ್ಟ. ಒಂದು ಬ್ಲಾಕಿನ ಮುಕ್ಕಾಲು ಭಾಗ ಮುರಿದು ಆಚೆಗೆ ಬಿತ್ತು. ಸ್ಟೀಲಿನ ಪಾತ್ರೆಯೊಂದು ಉರುಳುತ್ತ ಹೋಗಿ ಎಲ್ಲಿಗೋ ತಾಗಿ ನಿಂತಿತು. "ಯಾ ಅಲ್ಲಾ," ಎಂದು ಅವನು ಹಿಂದೆ ಸರಿದ. ಭವಿತಾ ಸರಿಯಲಿಲ್ಲ. ಧೂಳು ಇಳಿಯುವವರೆಗೆ ಕಾದು, ಮುಖ ಹೋಗುವಷ್ಟಿದ್ದ ಆ ತೂತಿನಲ್ಲಿ ನೋಡಿದಳು. ಲೋಲಾಕ್ಷಿ ಅಲ್ಲೇ, ಗೋಡೆಗೆ ತಾಗಿದ ಸಿಂಕಿನ ಹತ್ತಿರ ಅಕ್ಕಿ ತೊಳೆಯುತ್ತ ನಿಂತಿದ್ದಳು. ಎಂದರೆ ಬೆಳಿಗ್ಗೆಯಿಂದ ಈ ಸದ್ದಿನ ಎದುರಿಗೇ ಇದ್ದಳು. ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಬೆರಳುಗಳ ಸಂದಿಯಿಂದ ರಕ್ತ ಇಳಿದು ಅಕ್ಕಿಯ ನೀರಿಗೆ ಬೀಳುತ್ತಿತ್ತು. ಭವಿತಾಳಿಗೆ ಮೊದಲು ಆದದ್ದು ಸಂತೋಷ. ಹೆದರಿಕೆ ಆಮೇಲೆ ಬಂತು, ಅಥವಾ ಬರಲಿ ಎಂದು ಅವಳು ಕರೆದದ್ದಕ್ಕೆ ಬಂತು. ಈಗ ಕಿರುಚುತ್ತಾಳೆ, ಈಗ ಬಾಯಿಗೆ ಬಂದದ್ದು ಹೇಳುತ್ತಾಳೆ ಎಂದು ಕಾದಳು. ಲೋಲಾಕ್ಷಿ ಕೈಯನ್ನಾಗಲಿ ರಕ್ತವನ್ನಾಗಲಿ ನೋಡದೆ ತೂತಿನ ಕಡೆಗೇ ನೋಡುತ್ತ, ಎಂದಿನ ಮೆಲ್ಲಗಿನ ದನಿಯಲ್ಲಿ "ಅಕ್ಕಿಯೆಲ್ಲ ಹಾಳಾಯ್ತು," ಎಂದಳು.

ಗುರುವಪ್ಪ ರಬ್ಬರ್ ಶೀಟಿನ ಲೋಡಿನೊಟ್ಟಿಗೆ ಸುಳ್ಯಕ್ಕೆ ಹೋಗಿದ್ದ. ಉಲ್ಲಾಸ್ ಪೆರಾಬೆಯಲ್ಲಿ ಯಾರದೋ ಕೊಳವೆಬಾವಿಯ ಪಂಪು ಎತ್ತುತ್ತಿದ್ದ, ಫೋನು ಸಿಕ್ಕುತ್ತಿರಲಿಲ್ಲ. ರಿಕ್ಷಾ ಕರೆಯಲೆಂದು ಮೂಸಕುಂಞಿ ಗೇಟಿನವರೆಗೆ ಓಡಿದವನನ್ನು ಲೋಲಾಕ್ಷಿ ತಡೆದಳು. "ರಿಕ್ಷಾ ಎಂತಕ್ಕೆ? ಭವಿತಾ ಕರ್ಕೊಂಡು ಹೋಗ್ತಾಳೆ." ಕೇಳಲಿಲ್ಲ, ಹೇಳಿದಳು. ಸ್ಕೂಟರಿನ ಹಿಂದೆ ಕೂತು ಬೈರಾಸು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯನ್ನು ಭವಿತಾಳ ಭುಜದ ಮೇಲಿಟ್ಟಳು. ಆ ಕೈ ಅವಳ ಮೈಮೇಲೆ ಬಂದು ಎಷ್ಟು ಕಾಲವಾಗಿತ್ತು! ಮೂರು ತಿಂಗಳ ಗರ್ಭ ಇಳಿದುಹೋದಾಗ ಇದೇ ಕೈ ಅವಳನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿತ್ತು, ತಲೆಗೆ ನೀರು ಹೊಯ್ದಿತ್ತು. ಅವಳ ಬಟ್ಟೆಗಳನ್ನು ಕೆಲಸದವಳಿಗೆ ಕೊಡದೆ ಹಿತ್ತಲ ಕಲ್ಲಿನ ಮೇಲೆ ಒಗೆದಿತ್ತು. ಕಿಟಕಿಯಿಂದ ಭವಿತಾ ನೋಡಿದ್ದಳು. ತನ್ನ ರಕ್ತದ ನೀರು ಕಲ್ಲಿನಿಂದ ಇಳಿದು ಕೆಸುವಿನ ಬುಡಕ್ಕೆ ಹೋಗುವುದನ್ನು, ಲೋಲಾಕ್ಷಿ ಮುಖವನ್ನು ಸ್ವಲ್ಪವೂ ಕಿವಿಚದೆ ಬಟ್ಟೆ ಹಿಂಡುವುದನ್ನು. ಆ ಉಪಕಾರವನ್ನು ತೀರಿಸುವ ದಾರಿ ಎಲ್ಲಿದೆ? ಅವಳಿಗೂ ಏನಾದರೂ ಬರಲಿ, ಬಿದ್ದು ಸೊಂಟ ಮುರಿದುಕೊಳ್ಳಲಿ, ತಾನು ಅವಳ ಬಟ್ಟೆ ಒಗೆಯುವಂತಾಗಲಿ ಎಂದು ಎಷ್ಟು ಸಲ ಬಯಸಿದ್ದಳೋ. ಬಯಸಿ, ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡದ್ದೂ ಇತ್ತು. ಈಗ ಅದೇ ಆಗಿತ್ತು. ಆದರೂ ಕಾಲೇಜಿನ ಹತ್ತಿರ ರಸ್ತೆಯ ಹಂಪಿನಲ್ಲಿ ಸ್ಕೂಟರ್ ಕುಲುಕಿದಾಗ ಹಿಂದಿನವಳು "ಮೆಲ್ಲ ಹೋಗು, ನಿನಗೆ ತಾಗೀತು," ಎಂದು ಹೇಳಿಬಿಟ್ಟಳು, ಆ ಗೆಲುವೂ ಅಲ್ಲಿಗೆ ಹಾಳಾಯಿತು.

ಡಾಕ್ಟರು ಬೈರಾಸು ಬಿಚ್ಚಿ ಹೇಗಾಯ್ತು ಎಂದು ಕೇಳಿದರು.

"ಗೋಡೆಯಿಂದ ಕಲ್ಲು ಬಿತ್ತು," ಎಂದಳು ಲೋಲಾಕ್ಷಿ. "ಹಳೆ ಗೋಡೆ."

ಇದೂ ಒಂದು ಉಪಕಾರ. ಇದನ್ನೂ ಹೊತ್ತುಕೊಂಡು ತಿರುಗಬೇಕು. ಭವಿತಾ ಡಾಕ್ಟರ ಕಡೆ ತಿರುಗಿದಳು. "ಹಳೆಯದಲ್ಲ. ನಾನೇ ಕುಟ್ಟಿಸಿದ್ದು. ಬೇಡ ಅಂತ ಮೇಸ್ತ್ರಿ ಹೇಳಿದ. ಬೇಕೂಂತಲೇ ಕುಟ್ಟಿಸಿದ್ದು," ಎಂದಳು. ದನಿ ತಾನು ಎಣಿಸಿದ್ದಕ್ಕಿಂತ ಜೋರಾಗಿತ್ತು. ಮೂಲೆಯಲ್ಲಿ ಹತ್ತಿ ಕತ್ತರಿಸುತ್ತಿದ್ದ ನರ್ಸು ಕೈ ನಿಲ್ಲಿಸಿದಳು. ಅದರಲ್ಲಿ ಪಶ್ಚಾತ್ತಾಪ ಇರಲಿಲ್ಲ. ಹೊಡೆಯಲು ಕೈಗೆ ಸಿಕ್ಕಿದ ಕೋಲು ಅದೊಂದೇ ಆಗಿತ್ತು. ಡಾಕ್ಟರು ಒಮ್ಮೆ ಇವಳನ್ನು ನೋಡಿ, ಇದು ತನ್ನ ಕೆಲಸವಲ್ಲವೆಂಬಂತೆ ಸೂಜಿಯ ಕಡೆಗೆ ತಿರುಗಿದರು. ಹೊಲಿಗೆ ಹಾಕುವಷ್ಟು ಹೊತ್ತೂ ಲೋಲಾಕ್ಷಿ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದಳು.

ಎಕ್ಸ್‌ರೇಗೆ ಕಾಯುವ ಬೆಂಚಿನಲ್ಲಿ ಅವರಿಬ್ಬರೇ ಇದ್ದರು.

"ಅಲ್ಲಿ ಎಂತಕ್ಕೆ ಹಾಗೆ ಹೇಳಿದ್ದು ನೀನು?"

"ನಿಮ್ಮ ಒಳ್ಳೆತನ ನನಗೆ ಬೇಡ ಅಕ್ಕ. ಸಾಕಾಗಿದೆ."

"ಒಳ್ಳೆತನ," ಎಂದು ಲೋಲಾಕ್ಷಿ ಆ ಶಬ್ದವನ್ನು ಸೌಟಿನ ತುದಿಯಿಂದ ರುಚಿ ನೋಡಿದಂತೆ ನೋಡಿದಳು. ಆಮೇಲೆ ನಕ್ಕಳು. ಆ ನಗುವನ್ನು ಭವಿತಾ ಹಿಂದೆಂದೂ ಕಂಡಿರಲಿಲ್ಲ. "ಮನೆ ಎರಡು ಮಾಡಿ, ನಡುವೆ ಗೋಡೆ ಹಾಕಿ ಅಂತ ಕೇಳಿದ್ದು ಯಾರು ಗೊತ್ತುಂಟಾ ನಿನಗೆ?"

ಭವಿತಾ ಪೂರ್ತಿ ಅವಳ ಕಡೆಗೆ ತಿರುಗಿ ಕೂತಳು.

"ನಾನು. ನೀನು ಒಲೆ ಬೇಕೂಂತ ಉಲ್ಲಾಸನ ಹತ್ರ ಹೇಳಿದ್ದು ನನಗೆ ಕೇಳಿಸಿತ್ತು. ಅವನು ಅಣ್ಣನ ಎದುರು ಬಾಯಿ ಬಿಡ್ತಾನಾ ಅಂತ ನಾನು ಕಾದದ್ದೇ ಬಂತು. ಅವನಿಗೆಲ್ಲಿ ಆ ಧೈರ್ಯ! ಮತ್ತೆ ನಾನೇ ಇವರ ತಲೆ ತಿಂದು ತಿಂದು ಒಪ್ಪಿಸಿದ್ದು. ನನ್ನ ಹೆಸರು ಎಲ್ಲಿಯೂ ಬರ್ಬಾರ್ದು ಅಂತ ಆಣೆ ಹಾಕಿಸಿದ್ದೇನೆ."

"ಎಂತಕ್ಕೆ?"

"ನಿನ್ನನ್ನು ಕಂಡ್ರೆ ಆಗುದಿಲ್ಲ ನನಗೆ." ತರಕಾರಿಯ ರೇಟು ಹೇಳಿದಷ್ಟು ಸಲೀಸಾಗಿ ಹೇಳಿದಳು. "ನೀನು ಬಡಿಸುವಾಗ ಸೌಟನ್ನು ಪಾತ್ರೆಯ ಬಾಯಿಗೆ ಕುಟ್ಟುವ ಸದ್ದು ಉಂಟಲ್ಲ, ಅದು ಕೇಳಿದ್ರೆ ಮೈಯೆಲ್ಲ ಉರೀತಿತ್ತು. ನೀನು ಬಂದ ಮೇಲೆ ಉಲ್ಲಾಸ ಒಂದು ದಿನ ಅತ್ತಿಗೆ ಹಸಿವಾಗ್ತದೆ ಅಂತ ನನ್ನ ಹತ್ರ ಬಂದದ್ದಿಲ್ಲ. ನಿನಗೆ ಜ್ವರ ಬಂದ್ರೆ ಗಂಜಿ ಕೊಡುದು ನಾನು, ಕೊಡುವಾಗ ಈ ಜ್ವರ ಇಳಿದ್ರೆ ಸಾಕು, ಇವಳ ಮುಖ ನೋಡುದು ತಪ್ಪೀತು ಅಂತ ಎಣಿಸುದು ನಾನೇ."

"ನೀವು ಅತ್ತಿರಿ ಆ ದಿನ. ಎಲ್ಲರೆದುರು."

"ಅಳದಿದ್ರೆ ಜನ ಎಂತ ಹೇಳ್ತಾರೆ?"

"ಜನ ನನ್ನನ್ನು ಹೇಳಿದ್ರು."

"ಹೇಳ್ಲಿ," ಎಂದಳು ಲೋಲಾಕ್ಷಿ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. ಎದ್ದು, ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಸರಿಮಾಡಿಕೊಂಡು ಒಳಗೆ ಹೋದಳು.

ಬೆಂಚಿನ ಮೇಲೆ ಉಳಿದ ಭವಿತಾಳಿಗೆ ಸಿಟ್ಟು ಬರಲಿಲ್ಲ. ಬರುತ್ತದೆಂದು ಕಾದಳು. ಬಂದದ್ದು ಹಗುರ. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಒಂದು ಗೋಣಿಯನ್ನು ಯಾರೋ ಎತ್ತಿ ಬದಿಗಿಟ್ಟು, ಇದು ನಿನ್ನದಲ್ಲ ಎಂದ ಹಾಗೆ. ತಲೆ ತಗ್ಗಿಸಿ ಉಂಡ ಊಟಗಳು, ಬೇಡವೆಂದು ಬಿಟ್ಟ ಮದುವೆಗಳು, ತನ್ನ ತಾಯಿಯೂ ಒಮ್ಮೆ ಮೆಲ್ಲಗೆ 'ನೀನು ಸ್ವಲ್ಪ ತಾಳಬಹುದಿತ್ತು' ಎಂದದ್ದು. ಅದಕ್ಕಿಂತ ಹೆಚ್ಚು ಹಗುರವೆನಿಸಿದ್ದು ಇನ್ನೊಂದು. ಆ ಹೆಂಗಸು ಒಳ್ಳೆಯವಳಲ್ಲ. ತಾನು ಹುಚ್ಚಿಯಲ್ಲ. ಬೆಲ್ಲದ ಚೂರಿನಲ್ಲಿ, ಒರೆಸಿದ ಕಟ್ಟೆಯನ್ನು ಮತ್ತೆ ಒರೆಸಿದ್ದರಲ್ಲಿ ತನಗೆ ಕಂಡದ್ದು ಇಲ್ಲದ್ದಲ್ಲ.

ಮೂಳೆಗೆ ಪೆಟ್ಟಾಗಿರಲಿಲ್ಲ. ಸಂಜೆ ಗಂಡಸರು ಬಂದರು. ಲೋಲಾಕ್ಷಿ ಜಗಲಿಯ ಕುರ್ಚಿಯಲ್ಲಿ ಬ್ಯಾಂಡೇಜಿನ ಕೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು. ಉಲ್ಲಾಸ್ ಅವಳ ಕಾಲಬುಡದಲ್ಲಿ ಮೆಟ್ಟಿಲ ಮೇಲೆ ಕೂತು, ಮೇಸ್ತ್ರಿಯನ್ನೂ ಮಿಷನ್ನನ್ನೂ ಬೈದು, ಕಡೆಗೆ ಹೆಂಡತಿಯ ಕಡೆಗೆ ತಿರುಗಿ, "ನಿನಗೆ ನೋಡಿಕೊಳ್ಳಿಕ್ಕೆ ಆಗ್ಲಿಲ್ವಾ?" ಎಂದ. ಭವಿತಾ ಅಂಗಳದಲ್ಲಿ ನಿಂತಿದ್ದಳು. ಇಲ್ಲೇ, ಈ ಅಂಗಳದಲ್ಲೇ ಎಲ್ಲರೂ ಅವಳನ್ನು ತಿರುಗಿ ನೋಡಿದ್ದು.

"ಗೋಡೆ ಹಾಕ್ಸಿದ್ದು ನಾನಲ್ಲ," ಎಂದಳು. "ಅಕ್ಕನೇ ಕೇಳಿದ್ದು. ಇವತ್ತು ಆಸ್ಪತ್ರೆಯಲ್ಲಿ ಅವರ ಬಾಯಿಂದಲೇ ಹೇಳಿದ್ದಾರೆ. ನನ್ನನ್ನು ಕಂಡ್ರೆ ಆಗುದಿಲ್ಲ ಅಂತ. ಕೇಳಿ ಬೇಕಾದ್ರೆ."

ಉಲ್ಲಾಸನ ಮುಖದಲ್ಲಿ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು, ಹೆಂಡತಿ ನಾಲ್ಕು ಜನರೆದುರು ಸೆರಗು ಜಾರಿಸಿಕೊಂಡಳೋ ಎಂಬಂತೆ. "ಎಂತ ಮಾತಾಡ್ತಿ ಮಾರಾಯ್ತಿ? ಅತ್ತಿಗೆ ಹಾಗೆಲ್ಲ ಹೇಳುವವರಾ? ಕೈ ಮುರಿಯುವ ಹಾಗೆ ಮಾಡಿದ್ದು ಸಾಲದಾ ನಿನಗೆ?"

"ಬಾವನ ಹತ್ರ ಕೇಳಿ. ಅವರಿಗೆ ಗೊತ್ತುಂಟು."

ಎಲ್ಲರೂ ಗುರುವಪ್ಪನನ್ನು ನೋಡಿದರು. ಅವನು ಚಪ್ಪಲಿಯಿಂದ ಅಂಗಳದ ಒಂದು ಕಲ್ಲನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಕಲ್ಲಿನ ಅಡಿಯ ಭಾಗ ಮೇಲೆ ಬಂದ ಮೇಲೆ, "ಈಗ ಅದೆಲ್ಲ ಎಂತಕ್ಕೆ," ಎಂದ. ಒಳಗೆ ಹೋಗಿ ಲೈಟು ಹಾಕಿದ.

"ಅವಳಿಗೆ ಎಂತದೂ ಹೇಳ್ಬೇಡ ಉಲ್ಲಾಸ," ಎಂದಳು ಲೋಲಾಕ್ಷಿ. ದನಿಯಲ್ಲಿ ಎಷ್ಟು ಕನಿಕರವಿತ್ತೆಂದರೆ ಭವಿತಾಳಿಗೇ ಒಂದು ಕ್ಷಣ, ಬೆಂಚಿನ ಮೇಲೆ ಕೇಳಿದ್ದು ನಿಜವೋ ಎಂಬ ಅನುಮಾನ ಬಂತು. "ರಕ್ತ ನೋಡಿ ಹೆದರಿದ್ದಾಳೆ ಪಾಪ. ಬಾಯಿಗೆ ಬಂದದ್ದು ಹೇಳ್ತಿದ್ದಾಳೆ. ಕರ್ಕೊಂಡು ಹೋಗಿ ಸ್ವಲ್ಪ ಮಲಗಿಸು."

ಮಾರನೆಯ ದಿನ ಮೂಸಕುಂಞಿ ಬಂದು, ಏನೂ ಆಗಿಲ್ಲವೆಂಬಂತೆ ದಾರ ಹಿಡಿದು ಮಟ್ಟ ನೋಡಿ, ಕಿಟಕಿಯ ಬದಿಯಿಂದ ಟೈಲ್ಸ್ ಅಂಟಿಸುತ್ತ ಬಂದ. ಭವಿತಾ ಕೈ ಕಟ್ಟಿಕೊಂಡು ನೋಡಿದಳು. ಗೋಡೆಯ ಮೇಲೆ ಬಂದ ಮೇಲೆ ಆ ಹಸಿರು ಇನ್ನೂ ಕೆಟ್ಟದಾಗಿ ಕಂಡಿತು. ನಿನ್ನೆಯಿಂದ ಮಾತು ಬಿಟ್ಟಿದ್ದ ಉಲ್ಲಾಸ್ ಬಾಗಿಲಿನಲ್ಲಿ ನಿಂತು ನೋಡಿ ತನ್ನ ಪಂಪಿನ ಅಂಗಡಿಗೆ ಹೋದ. ಟೈಲ್ಸಿನ ಸಾಲು ತೂತಿನ ಹತ್ತಿರಕ್ಕೆ ಬಂದಾಗ ಮೇಸ್ತ್ರಿ ಹಣೆ ಬಡಿದುಕೊಂಡ. ತೂತು ಮುಚ್ಚಲು ಬ್ಲಾಕು ತರುವುದನ್ನೇ ಮರೆತಿದ್ದ. ಈಗ ತರುತ್ತೇನೆಂದು ಬೈಕು ಹತ್ತಿದ.

ಮನೆ ನಿಶ್ಶಬ್ದವಾಯಿತು. ತೂತಿಗೆ ಆಚೆಯಿಂದ ಅಡ್ಡವಿಟ್ಟಿದ್ದ ರಟ್ಟು ಸ್ವಲ್ಪ ಸರಿಯಿತು, ಆಮೇಲೆ ಪೂರ್ತಿ ಹೋಯಿತು. ಲೋಲಾಕ್ಷಿಯ ಮುಖ ಕಾಣಿಸಿತು. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಎಡಗೈಯಲ್ಲೇ ಹಣೆಗಿಟ್ಟುಕೊಂಡಿದ್ದರಿಂದ ಕುಂಕುಮ ಓರೆಯಾಗಿತ್ತು.

"ನಿನ್ನೆ ಎಲ್ಲರೆದುರು ಯಾಕೆ ಸುಳ್ಳು ಹೇಳಿದ್ರಿ?" ಎಂದಳು ಭವಿತಾ. ದನಿ ತಗ್ಗಿಸಿಯೇ ಕೇಳಿದಳು, ಯಾಕೆ ತಗ್ಗಿಸಿದೆನೆಂದು ಅವಳಿಗೆ ತಿಳಿಯಲಿಲ್ಲ.

"ನೀನು ಹೇಳಿದ್ರೆ ಯಾರೂ ನಂಬುದಿಲ್ಲ ಅಂತ ಗೊತ್ತಿದ್ದೇ ನಿನಗೆ ಹೇಳಿದ್ದು," ಎಂದಳು ಲೋಲಾಕ್ಷಿ. "ಬೇರೆ ಯಾರ ಹತ್ರ ಹೇಳ್ಲಿಕ್ಕೆ ಆಗ್ತದೆ ನನಗೆ?"

ಭವಿತಾ ಆ ಮುಖವನ್ನು ನೋಡಿದಳು. ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು, ತುಟಿಯ ಕೊನೆಯಲ್ಲಿ ಮೂವತ್ತು ವರ್ಷ ಎಲ್ಲರಿಗೂ ಒಳ್ಳೆಯವಳಾಗಿದ್ದು ಬಿದ್ದ ಎರಡು ಗೆರೆ. ಈ ಹೆಂಗಸು ಗಂಡನ ಎದುರು, ಸಾಕಿದ ಮೈದುನನ ಎದುರು, ಅಂಗಡಿಯ ಹುಡುಗಿಯ ಎದುರೂ ಒಳ್ಳೆಯವಳಾಗಿಯೇ ಇರಬೇಕು. ಇಲ್ಲಿ ಬೇಡ. ಈ ತೂತಿನ ಎದುರು ಒಳ್ಳೆಯವಳಾಗುವ ಹಂಗು ತನಗೂ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ ತನ್ನ ಹತ್ತಿರ ಸುಳ್ಳು ಹೇಳದವಳು ಇವಳೊಬ್ಬಳೇ ಎನಿಸಿ ಅವಳಿಗೆ ನಗು ಬಂತು. ತಡೆಯಲಾಗದ ಕೆಟ್ಟ ನಗು. ಲೋಲಾಕ್ಷಿ ನಗಲಿಲ್ಲ, ರಟ್ಟನ್ನು ಮತ್ತೆ ಇಡಲೂ ಇಲ್ಲ.

ಹೊರಗೆ ಬೈಕು ಬಂದು ನಿಂತಿತು. ಮೂಸಕುಂಞಿ ಬ್ಲಾಕನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಹಿಂಬಾಗಿಲಿಗೆ ಬಂದ.

"ಅಲ್ಲೇ ಹೊರಗೆ ಇಡಿ," ಎಂದಳು ಭವಿತಾ, ತಿರುಗಿ ನೋಡದೆ. "ಪೇಟೆಗೆ ಹೋಗಿ ಚಾ ಕುಡಿದು ಬನ್ನಿ. ಮೆಲ್ಲ ಬಂದ್ರೆ ಸಾಕು."

"ಈಗಷ್ಟೆ ಕುಡಿದದ್ದು ಭವಿತಕ್ಕ."

"ಇನ್ನೊಮ್ಮೆ ಕುಡೀರಿ."

ಅವನು ಗೊಣಗುತ್ತ ಹೋದ. ಗೇಟು ಹಾಕಿದ ಸದ್ದು ಕೇಳಿದ ಮೇಲೆ ಅವಳು ಸಿಮೆಂಟು ಮೆತ್ತಿದ ಸ್ಟೂಲನ್ನು ಕಾಲಿನಿಂದ ಎಳೆದು ಗೋಡೆಯ ಹತ್ತಿರ ತಂದು ಕೂತಳು.

"ಇನ್ನೂ ಎಂತೆಲ್ಲ ಉಂಟು?" ಎಂದಳು. "ಎಲ್ಲ ಹೇಳಿ ಅಕ್ಕ."

ಲೋಲಾಕ್ಷಿ ಒಮ್ಮೆ ಹಿಂತಿರುಗಿ ತನ್ನ ಮನೆಯ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಬ್ಯಾಂಡೇಜಿನ ಕೈಯನ್ನು ಸಿಂಕಿನ ಅಂಚಿನ ಮೇಲಿಟ್ಟು, ಬಾಯಿಯನ್ನು ತೂತಿನ ಹತ್ತಿರ ತಂದಳು.